ಇಬ್ಬರು ಬೀಗಿತ್ತಿಯರ ಅನುಮಾನ

ಮಗಳು ಬಸುರಿಯಾದ ಮೇಲೆ ಬೀಗಿತ್ತಿಯ ಪ್ರೀತಿ ಅತಿಯಾಯಿತು ಅನ್ನಿಸತೊಡಗಿತು. ಅಳಿಯನ ಕಡೆಯವರು ಯೆಹೂದಿಗಳು. ಡೆಟ್ರಾಯಿಟ್ ಹತ್ತಿರ ಮಗಳ ಮನೆಯ ಪಕ್ಕದ ಬಡಾವಣೆಯಲ್ಲೇ ಇದ್ದ ಆಕೆ ವಾರವಾರವೂ ಸೂಪ್ ಮಾಡಿ ತಂದುಕೊಡುತ್ತಿದ್ದರು. ನಾನೋ ದೂರದ ಅರೋರಾದಲ್ಲಿ ಕೂತು ಫೋನಿನಲ್ಲಿ ಆ ಸೂಪಿನ ವರ್ಣನೆ ಕೇಳಬೇಕು.

ಒಂದು ದಿನ ಮಗಳು, "ಅಮ್ಮ, ನಮ್ಮಂಥ ಎರಡು ಧರ್ಮದ ಫ್ಯಾಮಿಲೀಸ್‌ಗೆ ಅಂತಾನೇ ಇವರ ಸಿನಗಾಗ್‌ನಲ್ಲಿ ಒಂದು ಸಪೋರ್ಟ್ ಗ್ರೂಪ್ ಇದೆ. ಈ ಸಲ ಅಜ್ಜಿ ತಾತಂದಿರನ್ನೂ ಕರೆದಿದಾರೆ, ಬಾ" ಅಂದಳು.

"ಕನ್ವರ್ಟ್ ಮಾಡ್ತಾರಾ?"

"ಅಮ್ಮ, ಪ್ಲೀಸ್!"

ಅದು ಉತ್ತರವಲ್ಲ ಎಂದುಕೊಂಡೆ. ಹೊರಡುವಾಗ ದಿನಕ್ಕಿಂತ ದೊಡ್ಡ ಕುಂಕುಮ ಇಟ್ಟುಕೊಂಡೆ.

ಆ ಪ್ರಾರ್ಥನಾ ಮಂದಿರದ ಬಾಗಿಲಲ್ಲಿ ಕಾವಲಿನವನು ನನ್ನ ಬ್ಯಾಗ್ ತೆಗೆಸಿ ನೋಡಿದ. ನನಗೊಬ್ಬಳಿಗೇ ಇರಬೇಕೆಂದು ಹಿಂತಿರುಗಿದರೆ, ಬೀಗಿತ್ತಿಯೂ ತಮ್ಮ ಬ್ಯಾಗ್ ತೆರೆದು ನಿಂತಿದ್ದರು.

ಒಳಗೆ ಅವರ ಗುರು, ರಬ್ಬಿ, ಜೀನ್ಸ್ ಹಾಕಿದ್ದ ಹೆಂಗಸು. ಆಕೆಯ ಒಂದೊಂದು ಮಾತಿನ ಹಿಂದೆಯೂ ಏನೋ ಇದೆಯೆಂದು ಕಿವಿಗೊಟ್ಟು ಕೂತೆ. "ಯಾರಿಗಾದರೂ ಭಯವಿದ್ದರೆ ಹೇಳಿ" ಎಂದಾಗ ಬೀಗಿತ್ತಿಯೇ ಕೈಯೆತ್ತಿದರು.

"ಅರೋರಾದಲ್ಲಿ ಇವರ ದೇವಸ್ಥಾನ ಅಷ್ಟು ದೊಡ್ಡದು, ಅಷ್ಟು ಜನ. ನಾವಿರುವುದೇ ಕೆಲವರು. ಮೊಮ್ಮಗು ಅಲ್ಲಿಗೆ ಹೋಗಿ ಬಂದಾಗಲೆಲ್ಲ ನಮ್ಮಿಂದ ಸ್ವಲ್ಪ ಸ್ವಲ್ಪ ದೂರವಾಗುತ್ತದೆ ಅಂತ ಭಯ."

ನನಗೆ ಮೈ ಉರಿಯಿತು. ನಾನೇನು ಮಗುವನ್ನು ಕದಿಯುವವಳೇ? "ನನಗೆ ನಿಮ್ಮ ಸೂಪಿನ ಭಯ" ಎಂದುಬಿಟ್ಟೆ. ಕೆಲವರು ನಕ್ಕರು. ಆಕೆ ನಗಲಿಲ್ಲ.

ನನ್ನ ಮಗಳು ಅಳುತ್ತಿದ್ದಳು. ಬೀಗಿತ್ತಿಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ ಹೇಳಿದಳು: "ಇಬ್ಬರೂ ಮಗು ಯಾರದಾಗುತ್ತೋ ಅಂತ ಹೆದರ್ತಿದೀರಿ. ನನಗೆ ಹೆರಿಗೆ ಅಂದ್ರೇ ಭಯ. ಅದನ್ನ ಒಬ್ಬರಾದರೂ ಕೇಳಿದೀರಾ?"

ಬೀಗಿತ್ತಿ ಎದ್ದು ಅವಳ ಒಂದು ಪಕ್ಕ ಕೂತರು, ನಾನು ಇನ್ನೊಂದು ಪಕ್ಕ. ಹೆರಿಗೆಯ ದಿನ ಆಸ್ಪತ್ರೆಯಲ್ಲೂ ಹಾಗೆಯೇ ಇದ್ದೆವು.

ಹಾಗಂತ ಅನುಮಾನ ಪೂರ್ತಿ ಹೋಗಲಿಲ್ಲ. ಬಾಣಂತನಕ್ಕೆ ಹೋದಾಗ ಮೊಮ್ಮಗಳಿಗೆ ಎಣ್ಣೆ ಹಚ್ಚುತ್ತಾ ಏನೋ ಗುನುಗುತ್ತಿದ್ದೆ. ಬಾಗಿಲಲ್ಲಿ ನಿಂತಿದ್ದ ಬೀಗಿತ್ತಿ, "ಅದು ಪ್ರಾರ್ಥನೆಯಾ?" ಎಂದರು.

"ಅಲ್ಲ, ಕೈಕಾಲು ಗಟ್ಟಿಯಾಗಲಿ ಅಂತ ಹಾಡೋದು."

ನಂಬಿದರೋ ಇಲ್ಲವೋ. ಅಂಗಿಯ ತೋಳು ಮಡಚಿಕೊಂಡು ಪಕ್ಕದಲ್ಲಿ ಕೂತು, ಮಗುವಿನ ಕಾಲು ಜಾರದಂತೆ ಹಿಡಿದುಕೊಂಡರು.