ಪ್ರಿಆಂಪ್ ಬರುವವರೆಗೆ

ಗೋಣಿಬೀಡಿನಲ್ಲಿ ನನ್ನದೊಂದು ಸಣ್ಣ ಅಂಗಡಿ ಇತ್ತು. ರೇಡಿಯೊ, ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಿದ್ದೆ. ಮದುವೆ ಮುಂಜಿಗಳಿಗೆ ಮೈಕ್ ಸೆಟ್ಟನ್ನೂ ಬಾಡಿಗೆಗೆ ಕೊಡುತ್ತಿದ್ದೆ. ತೊಂಬತ್ತರ ದಶಕದಲ್ಲಿ ಮೂಡಿಗೆರೆಯಿಂದ ಕಳಸದವರೆಗೆ ನಾನು ಮೈಕ್ ಕಟ್ಟಿದ ಎಷ್ಟೋ ಮದುವೆಗಳಲ್ಲಿ ಸೋಬಾನೆ ಹೇಳಲು ಒಬ್ಬಳು ಅಂಗನವಾಡಿ ಟೀಚರ್ ಬರುತ್ತಿದ್ದಳು. ಮೊದಲ ಸಲ ಅವಳ ಮುಂದೆ ಮೈಕ್ ಇಟ್ಟಾಗ, "ಸ್ವಲ್ಪ ದೂರ ಇಡಿ ಮಾರಾಯ್ರೆ, ಆಮೇಲೆ ನಿಮ್ಮ ಹಾರ್ನ್ ಒಡೆದ್ರೆ ನನ್ನನ್ನ ಬೈಬೇಡಿ" ಅಂದಳು. ಎರಡು ವರ್ಷದ ನಂತರ ನಮ್ಮ ಮದುವೆಯಾಯಿತು.

ಅವಳದು ಸಿನಿಮಾ ಹಾಡಿನ ತೆಳು ಸ್ವರವಲ್ಲ. ಎದೆಯಿಂದ ಎದ್ದು ಬರುವ ದಪ್ಪ ಸ್ವರ, ಮೇಲಕ್ಕೆ ಹೋದಾಗ ಮಾತ್ರ ಒಂದು ಚೂರು ಒರಟಾಗುತ್ತಿತ್ತು. ಹೀಗೆ ಬರೆಯುವುದು ಸುಲಭ. ಆದರೆ ಬರೆದದ್ದನ್ನು ಓದಿದರೆ ಅದು ಯಾರ ಸ್ವರವೂ ಆಗಬಹುದು.

ಮಗಳಿಗೆ ಒಂದೂವರೆ ವರ್ಷವಾಗಿದ್ದಾಗ ಹೆಂಡತಿಯ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ಮಂಗಳೂರಿನ ಆಸ್ಪತ್ರೆಗೆ ಹೋದೆವು. ಡಾಕ್ಟರು ಒಳ್ಳೆಯವರು, ಮುಚ್ಚಿಡದೆ ಹೇಳಿದರು. ಗಂಟನ್ನು ತೆಗೆಯಲೇಬೇಕು, ಸ್ವರದ ನರ ಅದಕ್ಕೆ ಅಂಟಿಕೊಂಡ ಹಾಗಿದೆ, ಉಳಿಸಲು ನೋಡುತ್ತೇವೆ, ಆದರೆ ಖಾತ್ರಿಯಿಲ್ಲ. ಒಂದು ತಿಂಗಳ ನಂತರದ ದಿನ ಕೊಟ್ಟರು.

ವಾಪಸ್ ಬರುವಾಗ ಚಾರ್ಮಾಡಿ ಘಾಟಿಯುದ್ದಕ್ಕೂ ಅವಳು ಕಿಟಕಿಯ ಕಡೆಗೇ ನೋಡುತ್ತಿದ್ದಳು. ಕೊಟ್ಟಿಗೆಹಾರದಲ್ಲಿ ಬಸ್ಸು ನಿಂತಾಗ ಕೇಳಿದಳು: "ಇಷ್ಟು ಸಣ್ಣ ಮಗುಗೆ ನನ್ನ ಸ್ವರ ನೆನಪಿರಲ್ಲ ಅಲ್ವಾ?"

ನಾನು ಡಾಕ್ಟರ ಚೀಟಿಯನ್ನು ಮಡಚಿ ಜೇಬಿಗಿಟ್ಟೆ.

"ಊರವರದ್ದೆಲ್ಲ ರೆಕಾರ್ಡ್ ಮಾಡಿ ಕೊಡ್ತೀರಿ. ನಂದೂ ಒಂದಿಷ್ಟು ಮಾಡಿಡಿ" ಅಂದಳು.

ಸಿ.ಡಿ. ಕಾಪಿ ಮಾಡಲು ಅಂಗಡಿಯಲ್ಲಿ ಇಟ್ಟಿದ್ದ ಹಳೆಯ ಕಂಪ್ಯೂಟರನ್ನು ಮರುದಿನವೇ ಮನೆಗೆ ತಂದೆ. ಕಿಟಕಿಗೆ ಕಂಬಳಿ ಕಟ್ಟಿದೆ. ಮದುವೆಗೆ ಒಯ್ಯುವ ಮೈಕನ್ನೇ ಕಂಪ್ಯೂಟರಿಗೆ ಸಿಕ್ಕಿಸಿದೆ. ಅವಳು ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ತನ್ನ ಅಮ್ಮ ಹೇಳುತ್ತಿದ್ದ ಜೋಗುಳ ಹೇಳಿದಳು. ಆಮೇಲೆ ಎರಡು ಸೋಬಾನೆ. ಕೊನೆಗೆ, ಅಂಗಳದಲ್ಲಿ ಆಡುವ ಮಗಳನ್ನು ಊಟಕ್ಕೆ ಕರೆಯುವ ಹಾಗೆ ಅವಳ ಹೆಸರು ಹಿಡಿದು ಎರಡು ಸಲ ಕೂಗಿ ನಕ್ಕಳು.

ಹಾಕಿ ಕೇಳಿದರೆ ಹಾಡಿನ ಹಿಂದೆಲ್ಲ ಸುಯ್ಯೆನ್ನುವ ಸದ್ದು. ಮೈಕಿನಿಂದ ಬರುವ ಸ್ವರ ತೀರಾ ಸಣ್ಣದು. ಅದನ್ನು ಕಂಪ್ಯೂಟರಿನಲ್ಲಿ ಎತ್ತಿದರೆ ಜೊತೆಗೆ ಗದ್ದಲವೂ ಏಳುತ್ತದೆ. ಒಳಗೆ ಹೋಗುವ ಮೊದಲೇ ಸ್ವರವನ್ನು ಶುದ್ಧವಾಗಿ ದೊಡ್ಡದು ಮಾಡಲು ಪ್ರಿಆಂಪ್ ಎಂಬ ಒಂದು ಪೆಟ್ಟಿಗೆ ಬೇಕು.

"ಇದು ಬೇಡ. ಬೆಂಗಳೂರಿಂದ ಪ್ರಿಆಂಪ್ ತರಿಸ್ತೀನಿ. ಹತ್ತು ದಿನದಲ್ಲಿ ಬರ್ತದೆ, ಆಮೇಲೆ ಮಾಡೋಣ."

"ಸದ್ದಿದ್ರೆ ಏನಾಯ್ತು? ಜೋಗುಳ ಕೇಳೋ ಮಗು ಅದನ್ನೆಲ್ಲ ನೋಡ್ತದಾ?"

"ನಿಂಗೆ ಗೊತ್ತಾಗಲ್ಲ ಮಾರಾಯ್ತಿ" ಎಂದು, ಅವಳೆದುರೇ ನಾಲ್ಕನ್ನೂ ಅಳಿಸಿ ಹಾಕಿದೆ.

ಡಿಸ್ಕಿನಲ್ಲಿ ಜಾಗ ಕಡಿಮೆ ಇತ್ತು ಎಂದು ಆಮೇಲೆ ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಜಾಗ ಬೇಕಾದಷ್ಟಿತ್ತು. ಸೌಂಡಿನ ಕೆಲಸ ಬಲ್ಲವನು ಎಂಬ ಹೆಮ್ಮೆ ನನಗೆ. ನನ್ನ ಹೆಂಡತಿಯ ಹಾಡೇ ಅಷ್ಟು ಕೆಟ್ಟದಾಗಿ ಉಳಿಯುವುದು ನನಗೆ ಬೇಡವಾಗಿತ್ತು.

ಬೆಂಗಳೂರಿನ ಅಂಗಡಿಯಲ್ಲಿ ಮಾಲು ಇರಲಿಲ್ಲ. ಇನ್ನೊಂದು ವಾರ ಎಂದರು. ಅಷ್ಟರಲ್ಲಿ ಅವಳು ಅಡುಗೆಮನೆಯಲ್ಲಿ ಗುನುಗಿದರೂ "ಗಂಟಲು ದಣಿಸ್ಬೇಡ, ಪ್ರಿಆಂಪ್ ಬರ್ಲಿ" ಎನ್ನುತ್ತಿದ್ದೆ. ಅವಳು ಸುಮ್ಮನಾಗುತ್ತಿದ್ದಳು. ಅವಳ ಸ್ವರ ಇದ್ದ ಕೊನೆಯ ದಿನಗಳಲ್ಲಿ ಅವಳ ಬಾಯಿ ಮುಚ್ಚಿಸಿದವನು ನಾನು.

ಒಂದು ಬೆಳಿಗ್ಗೆ ಆಸ್ಪತ್ರೆಯಿಂದ ಫೋನ್ ಬಂತು. ಬೇರೆ ಯಾರದೋ ಆಪರೇಷನ್ ಮುಂದಕ್ಕೆ ಹೋಗಿದೆ, ಜಾಗ ಖಾಲಿಯಿದೆ, ನಾಳೆಯೇ ಬಂದು ಸೇರಿಕೊಳ್ಳಿ. ಬಟ್ಟೆ ಜೋಡಿಸುತ್ತ ಅವಳು ಕೇಳಿದಳು: "ಈಗ ಒಂದ್ಸಲ ಹೇಳ್ಲಾ? ಹ್ಯಾಗಾದ್ರೂ ಬರ್ಲಿ."

ಕಂಪ್ಯೂಟರ್ ಅಲ್ಲೇ ಇತ್ತು. ಕರೆಂಟೂ ಇತ್ತು. ಆದರೆ ಆಗ ರೆಕಾರ್ಡ್ ಮಾಡಿದರೆ ಸ್ವರ ಹೋಗಿಯೇಬಿಡುತ್ತದೆ ಎಂದು ನಾನೂ ಒಪ್ಪಿದ ಹಾಗಾಗುತ್ತದೆ ಅನ್ನಿಸಿತು. "ಏನೂ ಆಗಲ್ಲ. ಬಂದ್ಮೇಲೆ ಚೆನ್ನಾಗಿ ಮಾಡೋಣ" ಎಂದೆ. ಅವಳು ಮತ್ತೆ ಕೇಳಲಿಲ್ಲ.

ಗಂಟು ಪೂರ್ತಿ ಹೋಯಿತು. ಜೀವಕ್ಕೆ ಅಪಾಯವಿಲ್ಲ ಎಂದರು. ಮೂರನೇ ದಿನ ಅವಳು ನೀರು ಕೇಳಿದಾಗ ಬರೀ ಉಸಿರು ಬಂತು. ಆರು ತಿಂಗಳು ಕಾಯಿರಿ, ಕೆಲವರಿಗೆ ಮರಳಿ ಬರುತ್ತದೆ ಎಂದರು ಡಾಕ್ಟರು. ಊರಿಗೆ ಬಂದರೆ ನನ್ನ ಅಂಗಡಿಯ ಪಕ್ಕದ ಹೋಟೆಲಿನಲ್ಲಿ ಪ್ರಿಆಂಪಿನ ಪಾರ್ಸೆಲ್ ನನಗಾಗಿ ಕಾಯುತ್ತಿತ್ತು. ಬಸ್ಸಿನವರು ಇಳಿಸಿ ಹೋಗಿದ್ದರಂತೆ. ನಾನು ಅದನ್ನು ಬಿಚ್ಚಲಿಲ್ಲ.

ಆರು ತಿಂಗಳಾಯಿತು, ವರ್ಷವಾಯಿತು. ಸ್ವರ ಬರಲಿಲ್ಲ. ಅಂಗನವಾಡಿಯಲ್ಲಿ ಅವಳು ಚಪ್ಪಾಳೆ ತಟ್ಟಿ ಮಕ್ಕಳನ್ನು ಕರೆಯಲು ಕಲಿತಳು. ಹಾಡು ಹೇಳಿಸುವ ಕೆಲಸವನ್ನು ಸಹಾಯಕಿಗೆ ಬಿಟ್ಟುಕೊಟ್ಟಳು.

ಒಂದು ಭಾನುವಾರ ಮಧ್ಯಾಹ್ನ ಅವಳೇ ಕಪಾಟಿನಿಂದ ಪಾರ್ಸೆಲ್ ತೆಗೆದು ನನ್ನ ಮುಂದಿಟ್ಟಳು. "ಜೋಡ್ಸಿ" ಎಂದು ಪಿಸುಗುಟ್ಟಿದಳು.

"ಯಾಕೆ ಈಗ?"

"ಇದೂ ಹೋದ್ರೆ?"

ಜೋಡಿಸಿದೆ. ಪ್ರಿಆಂಪಿನ ಗುಂಡಿಯನ್ನು ಬಲಕ್ಕೆ ಪೂರ್ತಿ ತಿರುಗಿಸಿದೆ. ಅವಳು ಮೈಕಿಗೆ ತುಟಿ ತಾಗುವಷ್ಟು ಹತ್ತಿರ ಬಂದು, ರಾಗವಿಲ್ಲದ ಬರೀ ಉಸಿರಿನಲ್ಲಿ ಜೋಗುಳದ ಸಾಲುಗಳನ್ನು ಒಂದೊಂದಾಗಿ ಹೇಳಿದಳು. ಆ ಪೆಟ್ಟಿಗೆ ಎಷ್ಟು ಒಳ್ಳೆಯದೆಂದು ಅವತ್ತು ಗೊತ್ತಾಯಿತು. ಅವಳು ಉಗುಳು ನುಂಗುವುದು, ಬಳೆ ಮಂಚಕ್ಕೆ ತಾಗುವುದು ಎಲ್ಲವೂ ಸ್ಪಷ್ಟ. ಎಲ್ಲಿಯೂ ಸುಯ್ ಎನ್ನಲಿಲ್ಲ. ಹೆಡ್‌ಫೋನಿನಲ್ಲಿ ಅದನ್ನು ಕೇಳುತ್ತ ನಾನು ತಲೆ ತಗ್ಗಿಸಿ ಅತ್ತೆ. ಅವಳು ಮುಗಿಸಿ, ಹೆಡ್‌ಫೋನನ್ನು ನನ್ನ ಕಿವಿಯಿಂದ ಸರಿಸಿ ಕೇಳಿದಳು: "ಇದನ್ನೂ ಅಳಿಸ್ತೀರಾ?"

ಅದರಲ್ಲಿ ಸಿಟ್ಟಿತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ. ಪಿಸುಮಾತಿನಲ್ಲಿ ಸಿಟ್ಟೂ ತಮಾಷೆಯೂ ಒಂದೇ ಥರ ಕೇಳಿಸುತ್ತವೆ.

ಮಗಳಿಗೆ ಏಳು ತುಂಬಿದಾಗ, ಶಾಲೆಯಲ್ಲಿ ಯಾರೋ ಅವಳಮ್ಮ ದೊಡ್ಡ ಹಾಡುಗಾರ್ತಿ ಎಂದರಂತೆ. "ಹ್ಯಾಗಿತ್ತು ಅಪ್ಪ ಅಮ್ಮನ ಸ್ವರ?" ಎಂದು ಕೇಳಿದಳು. ನಾನು ಹಾಡಿ ತೋರಿಸಲು ಹೋಗಿ ಅರ್ಧಕ್ಕೇ ನಿಲ್ಲಿಸಿದೆ.

ಆಗ ಮದುವೆಗಳ ವಿಡಿಯೊ ಕ್ಯಾಸೆಟ್ ನೆನಪಾಯಿತು. ಅವಳು ಸೋಬಾನೆ ಹೇಳಿದ ಮನೆಗಳಿಗೆಲ್ಲ ಹೋದೆ. ಕೆಲವರಲ್ಲಿ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿತ್ತು, ಕೆಲವರು ಬಿಸಾಡಿದ್ದರು. ಸಂಸೆಯ ಒಂದು ಮನೆಯಲ್ಲಿ ಮಾತ್ರ ಕ್ಯಾಸೆಟ್ಟೂ ಇತ್ತು, ಅದನ್ನು ಹಾಕುವ ಮಿಷನ್ನೂ ಇತ್ತು. ಆ ಮನೆಯ ಅಮ್ಮ ಕಾಫಿ ಕೊಟ್ಟು ಟಿ.ವಿ. ಹಾಕಿದರು. ಧಾರೆಯ ಹೊತ್ತಿಗೆ ಅವಳು ಕಾಣಿಸಿದಳು, ಹಸಿರು ಸೀರೆ, ಮುಂದೆ ನನ್ನ ಮೈಕು. ಬಾಯಿ ತೆರೆದಳು. ವಿಡಿಯೊದವರು ಅಲ್ಲಿಯ ಸದ್ದನ್ನೆಲ್ಲ ತೆಗೆದು ಮದುವೆಯುದ್ದಕ್ಕೂ ಸಿನಿಮಾ ಹಾಡು ಕೂಡಿಸಿಟ್ಟಿದ್ದರು.

"ಆಗೆಲ್ಲ ಹೀಗೇ ಮಾಡ್ತಿದ್ರಲ್ಲ, ಚಂದ ಕಾಣ್ಲಿ ಅಂತ" ಅಂದರು ಆ ಅಮ್ಮ. "ನಿಲ್ಲಿಸ್ಲಾ?"

"ಬೇಡಮ್ಮ, ಇರ್ಲಿ" ಎಂದೆ. ಅವಳ ತುಟಿಯಾಡುವುದನ್ನು ಕೊನೆಯವರೆಗೂ ನೋಡಿದೆ.

ಮನೆಗೆ ಬಂದು ಹೇಳಿದಾಗ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಭುಜ ಅಲುಗುತ್ತಿತ್ತು, ಕಣ್ಣಲ್ಲಿ ನೀರು ಬಂತು, ಒಂದಿಷ್ಟೂ ಶಬ್ದವಿಲ್ಲ. ಮಗಳೂ ಅವಳ ಜೊತೆ ನಕ್ಕಳು. ನಾನು ಕೈಕಾಲು ತೊಳೆಯಲು ಹಿತ್ತಲಿಗೆ ಹೋದೆ.