ಮದುವೆ ಊಟದ ವಾಟೆಗಳು

ಹುಳಿಮಾವಿನ ಸೊನೆಯ ವಾಸನೆ ಮೂಗಿಗೆ ಬಡಿದರೆ ಸಾಕು, ಇವತ್ತಿಗೂ ನನ್ನ ಬೆನ್ನು ನೆಟ್ಟಗಾಗುತ್ತದೆ. ಬೇರೆಯವರಿಗೆ ಬಾಯಲ್ಲಿ ನೀರೂರುತ್ತದಂತೆ. ನನಗೆ ಮಾತ್ರ ಯಾರ ಮೇಲಾದರೂ ಜಗಳಕ್ಕೆ ಹೋಗಬೇಕೆನ್ನಿಸುತ್ತದೆ. ಆ ವಾಸನೆಯ ಹಿಂದೆಯೇ ಭಾಲ್ಕಿಯ ಹತ್ತಿರದ ನಮ್ಮ ಹಳ್ಳಿ ಬರುತ್ತದೆ, ಮಣ್ಣಿನ ಮಾಳಿಗೆಯ ಮನೆ ಬರುತ್ತದೆ, ಪಡಸಾಲೆಯ ಕಂಬಕ್ಕೊರಗಿ ಕೂತ ನನ್ನ ಆಯಿ ಬರುತ್ತಾಳೆ. ಆಯಿ ಅಂದರೆ ಅಪ್ಪನ ತಾಯಿ, ಔರಾದದಿಂದ ಸೊಸೆಯಾಗಿ ಬಂದವಳು. ಹಣೆ ತುಂಬ ವಿಭೂತಿ, ಗಿಡ್ಡ ಆಳು, ದೊಡ್ಡ ದನಿ. ಆಕೆ ಹಿತ್ತಲಲ್ಲಿ ಬೈದರೆ ಅಗಸಿಕಟ್ಟೆಯಲ್ಲಿ ಕೂತವರು ಎದ್ದು ನಿಲ್ಲುತ್ತಾರೆಂದು ಅಪ್ಪ ನಗುತ್ತಿದ್ದ.

ನಿಜಾಮನ ಕಾಲ ಅದು. ಊರ ಹಳ್ಳದ ದಂಡೆಗೆ ಐದು ಬಡ ಕುಟುಂಬಗಳಿಗೆ ಒಂದೊಂದು ತುಂಡು ನೆಲವಿತ್ತು. ಊರ ದೇಶಮುಖರ ಅಜ್ಜ ಬಾಯಿಮಾತಿನಲ್ಲಿ ಕೊಟ್ಟದ್ದು: ಮಾವಿನ ಗಿಡ ಇರುವತನಕ ನೆಲ ನಿಮ್ಮದು, ಗಿಡ ಹೋದರೆ ನೆಲ ನಮ್ಮದು. ಒಂದೊಂದು ಗಿಡಕ್ಕೂ ಅದರ ರುಚಿಯದೇ ಹೆಸರು. ಕೊಬ್ಬರಿ ಗಿಡ, ಮೊಸರು ಗಿಡ, ಸಕ್ಕರೆ ಗಿಡ ಎಂದು ಮನೆಮಂದಿಯನ್ನು ಕರೆದಂತೆ ಕರೆಯುತ್ತಿದ್ದೆವು. ನನಗೆ ಒಂಬತ್ತು ವರ್ಷವಿದ್ದಾಗ ವೈಶಾಖದ ಒಂದು ಮಧ್ಯಾಹ್ನ ಎದ್ದ ಬಿರುಗಾಳಿ ಅವನ್ನೆಲ್ಲ ಬೇರುಸಹಿತ ಮಲಗಿಸಿತು. ನೆಲದ ತುಂಬ ಎಳೆಗಾಯಿ ಚೆಲ್ಲಿತ್ತು, ಸೊನೆಯ ವಾಸನೆ ಊರೊಳಗಿನವರೆಗೂ ಬಂದಿತ್ತು. ಮರುದಿನವೇ ದೇಶಮುಖರ ಕಾರಭಾರಿ ಬಂದು, ಮಿರಗದ, ಅಂದರೆ ಮೃಗಶಿರಾ ಮಳೆ ಬಿದ್ದ ಕೂಡಲೇ ರಂಟೆ ಹೊಡೆಸಿ ನೆಲ ಉತ್ತು ಹೆಸರುಕಾಳು ಬಿತ್ತುತ್ತೇವೆಂದು ಹುಕುಂ ಹೇಳಿ ಹೋದ.

ಅಲ್ಲಿ ನಮ್ಮದೊಂದು ಗಿಡವೂ ಇರಲಿಲ್ಲ. "ಊರ ಉಸಾಬರಿ ನಮಗ್ಯಾಕ ಬೇ?" ಎಂದ ಅಪ್ಪ. ಆಯಿ ತಿರುಗಿಬಿದ್ದಳು. "ನೀ ಹೊಟ್ಯಾಗಿದ್ದಾಗ ನನ್ನ ಬಯಕಿ ತೀರಿಸಿದ್ದು ಆ ಗಿಡಗಳ ಕಾಯಿ. ಅದನ್ನ ತಿಂದು ಹುಟ್ಟಿದಂವ ನೀ. ಸುಮ್ನಿರು."

ಮಳೆಗೆ ಮುಂಚೆ ಅಲ್ಲಿ ಮತ್ತೆ ಮಾವು ನಿಂತರೆ ನೆಲ ಉಳಿಯುತ್ತದೆಂಬುದು ಆಕೆಯ ಲೆಕ್ಕ. ಆದರೆ ಸಸಿ ಎಲ್ಲಿಂದ ತರುವುದು? ಎಳೆಗಾಯಿಯ ವಾಟೆ, ಅಂದರೆ ಗೊರಟೆ, ಮೊಳೆಯುವುದಿಲ್ಲ, ಬಲಿತ ಹಣ್ಣಿನದೇ ಬೇಕು. ಗಾಳಿ ಸುತ್ತಲ ಊರುಗಳ ಫಲವನ್ನೆಲ್ಲ ಉದುರಿಸಿತ್ತು. ಹಣ್ಣು ಬಂದದ್ದು ಒಂದೇ ಮನೆಗೆ. ದೇಶಮುಖರ ಮಗಳ ಮದುವೆಗೆ ಬೀದರಿನಿಂದ ಬಂಡಿ ತುಂಬ ಮಾವು ಬಂತು, ಊರಿಗೆಲ್ಲ ಮಾವಿನ ರಸದ ಶೀಕರಣಿಯ ಊಟ. ಮುಂಬಾಗಿಲಲ್ಲಿ ಸನಾದಿ ಊದುತ್ತಿದ್ದಾಗ ಆಯಿ ನನ್ನನ್ನೂ ಆ ಐದು ಮನೆಯ ಹೆಂಗಸರನ್ನೂ ಕರೆದುಕೊಂಡು ಹಿಂಬಾಗಿಲ ತಿಪ್ಪೆಗೆ ನಡೆದಳು. ಹಿಂಡಿ ಎಸೆದ ವಾಟೆಗಳ ಗುಡ್ಡೆ, ಮೇಲೆ ನೊಣ. ಪಂಕ್ತಿಯಲ್ಲಿ ಕೂತ ನನ್ನ ಓರಗೆಯ ಹುಡುಗಿಯರು ಇಣುಕಿ ನೋಡಿ ಕಿಸಕ್ಕನೆ ನಕ್ಕರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. "ಏನವ್ವಾ, ಊಟಕ್ಕ ಕರದ್ರ ಎಂಜಲಕ್ಕ ಬಂದೀರಿ?" ಎಂದ ಅಡುಗೆಯವನು. "ಎಂಜಲ ಅಲ್ಲೋ ತಮ್ಮಾ, ಬೀಜ," ಎಂದಳು ಆಯಿ, ತಲೆ ಎತ್ತದೆ.

ಆ ಸಂಜೆಯೇ ಹಳ್ಳದ ದಂಡೆಯಲ್ಲಿ ಊರಿದೆವು. ವಾಟೆಯ ಬೆನ್ನು ಮೇಲಿರಬೇಕೆಂದು ಆಯಿ ತೋರಿಸಿಕೊಟ್ಟಿದ್ದಳು. ನಾನೋ ಸಿಟ್ಟಿನಲ್ಲಿ ನನ್ನ ಸಾಲನ್ನೆಲ್ಲ ಹೇಗೆಂದರೆ ಹಾಗೆ ತುರುಕಿದೆ. ಹಳ್ಳದ ಒರತೆಯಿಂದ ದಿನಾ ಕೊಡ ಹೊತ್ತೆವು. ಮೂರು ವಾರಕ್ಕೆ ತಾಮ್ರದ ಬಣ್ಣದ ಎಲೆ ಕಂಡವು. ನನ್ನ ಸಾಲಿನವು ಮಾತ್ರ ಕುತ್ತಿಗೆ ಉಳುಕಿದವರಂತೆ ಬಗ್ಗಿಕೊಂಡು ಬಂದಿದ್ದವು. ಬೈಗುಳಕ್ಕೆ ಕಾದು ನಿಂತೆ. "ಸಿಟ್ಟಿಲೆ ಊರೀದಿ, ಅದಕ್ಕ ಸೊಟ್ಟ ಬಂದಾವ. ಇರ್ಲಿ, ಬಂದಾವಲ್ಲ," ಎಂದು ಆಯಿ ಅವಕ್ಕೂ ನೀರು ಹಾಕಿದಳು.

ಮಿರಗ ಬಿತ್ತು. ಒಬ್ಬ ಆಳು, ಒಂದು ಜೋಡಿ ಎತ್ತಿನೊಂದಿಗೆ ಕಾರಭಾರಿ ಬಂದ. ಐದು ಮನೆಯವರು ಕೈ ಮುಗಿದು ನಿಂತರು. "ಇವು ಗಿಡ ಏನವ್ವಾ? ಆಡು ಒಮ್ಮಿ ಬಾಯಿ ಹಾಕಿದ್ರ ಮುಗೀತು!" ಎಂದು ಅವನು ನಕ್ಕ. ಆಯಿ ಅವನ ಮುಖವನ್ನೂ ನೋಡದೆ ರಂಟೆ ಹಿಡಿದ ಆಳಿನ ಎದುರಿಗೆ ಹೋದಳು. "ತಮ್ಮಾ, ಇವು ನಿಮ್ಮ ಧಣ್ಯಾರ ಮಗಳ ಮದಿವಿ ಊಟದ ವಾಟಿ. ಆ ಕೂಸಿನ ಅರಿಷಿಣ ಇನ್ನಾ ಆರಿಲ್ಲ. ಆಕಿ ಮದಿವಿ ಮ್ಯಾಲ ರಂಟಿ ಹೊಡೀತಿದ್ರ ಹೊಡಿ. ನಾ ಇಲ್ಲೇ ನಿಂತು ನೋಡ್ತೇನಿ."

ಆಳು ಸಸಿಗಳನ್ನು ನೋಡಿದ, ತನ್ನ ಕೈ ನೋಡಿಕೊಂಡ. "ನಾ ಒಲ್ಲೆರಿ," ಎಂದು ಎತ್ತು ಬಿಚ್ಚಿದ. ಕಾರಭಾರಿ ದೇಶಮುಖರ ವಾಡೆಗೆ ಓಡಿದ. ಅಲ್ಲಿ ಮದುಮಗಳ ತಾಯಿ ಒಳಗಿನಿಂದಲೇ ಏನೋ ಅಂದಳಂತೆ. ರಂಟೆ ಮತ್ತೆ ಆ ಕಡೆ ಬರಲಿಲ್ಲ.

ಏಳೆಂಟು ವರ್ಷಕ್ಕೆ ಮೊದಲು ಫಲ ಕೊಟ್ಟದ್ದು ನನ್ನ ಸಾಲಿನದೇ ಒಂದು ಸೊಟ್ಟ ಗಿಡ. ಮದುವೆಯ ಶೀಕರಣಿಯ ರುಚಿ ನೆನೆದು ಎಲ್ಲರೂ ಬಾಯಿ ಹಾಕಿದೆವು. ಹುಳಿ! ಹಲ್ಲು ಚುಳ್ಳೆನ್ನುವ ಹುಳಿ. ಉಳಿದವರು ಉಗುಳಿದರು. ಹಲ್ಲಿಲ್ಲದ ಆಯಿ ಮಾತ್ರ ಕಣ್ಣು ಮುಚ್ಚಿ ವಾಟೆಯವರೆಗೂ ಚೀಪಿದಳು. "ಹುಳಿನೇ ಅದ. ಇರ್ಲಿ. ಸಿಹಿ ಧಣ್ಯಾರು ತಿಂದ್ರು, ನೆಲ ಬಡವರಿಗಿ ಉಳೀತು," ಎಂದು ವಾಟೆಯನ್ನು ನನ್ನ ಅಂಗೈಗಿಟ್ಟಳು.

ಆಯಿ ಹೋದಳು. ಮಾಳಿಗೆ ಕುಸಿಯಿತು, ಸೊಟ್ಟ ಗಿಡಕ್ಕೂ ಮುಪ್ಪು ಬಂದು ಒಂದು ದಿನ ಒಣಗಿತು. ಆಕೆಯ ದನಿ ಕೇಳದ ಮನೆಯಲ್ಲಿ ಬದುಕುವುದು ನನಗೆ ಇನ್ನೂ ಸರಿಯಾಗಿ ರೂಢಿಯಾಗಿಲ್ಲ. ಆದರೂ ಯಾರದೇ ಮದುವೆಯಲ್ಲಿ ಮಾವಿನ ಊಟವಿದ್ದರೆ, ಉಂಡು ಎದ್ದವಳೇ ಚೀಲ ಹಿಡಿದು ಹಿಂಬಾಗಿಲಿಗೆ ಹೋಗುತ್ತೇನೆ. ಹುಡುಗಿಯರು ಈಗಲೂ ನಗುತ್ತಾರೆ. ನಗಲಿ.