ಇಟ್ಟಿಲ್ಲ, ಮುಟ್ಟಿಲ್ಲ

ನಮ್ಮ ಮನೆಯ ಮುಂದಿನ ಕಟ್ಟೆಗೆ ಒಂದು ಪೆಟ್ಟಿಗೆಯನ್ನು ಬೋಲ್ಟ್ ಹಾಕಿ ಕೂರಿಸಿದ್ದೇನೆ. ಪಾರ್ಸೆಲ್ ತರುವವರು ಮೇಲಿನ ಮುಚ್ಚಳ ಎತ್ತಿ ಒಳಗೆ ಹಾಕುತ್ತಾರೆ. ನಾವು ಕೆಳಗಿನ ಬಾಗಿಲಿನ ಕೀಲಿ ತೆಗೆದು ಎತ್ತಿಕೊಳ್ಳುತ್ತೇವೆ. ದಾಂಡೇಲಿಯ ನಮ್ಮ ಓಣಿಯಲ್ಲಿ ಇಂಥದ್ದು ಬೇರೆ ಮನೆಗಳಿಗಿಲ್ಲ. ಕಳ್ಳರ ಕಾಟಕ್ಕೆ ಮಾಡಿರಬೇಕು ಎಂದು ನೋಡಿದವರು ಅಂದುಕೊಳ್ಳುತ್ತಾರೆ. ಇದರಲ್ಲಿ ಕಳ್ಳರಿಲ್ಲ. ನಾನು ಆಡಿದ ಒಂದು ಮಾತಿನಿಂದ ಇದು ಆಯಿತು.

ಶಿವರಾತ್ರಿಯ ಹಿಂದಿನ ವಾರ. ನನಗೆ ಮಿಲ್ಲಿನಲ್ಲಿ ಮೊದಲ ಪಾಳಿ. ಹೆಂಡತಿ ಹಳಿಯಾಳಕ್ಕೆ ತಂಗಿಯ ಮನೆಗೆ ಹೋಗಿದ್ದಳು. ಮಧ್ಯಾಹ್ನ ಬಂದು ಉಂಡು ಮಲಗಿದೆ. ಐದಕ್ಕೆ ಎದ್ದು ಫೋನ್ ನೋಡಿದರೆ, ಪಾರ್ಸೆಲ್ ತಲುಪಿಸಿದ್ದೇವೆ ಎಂಬ ಸಂದೇಶ ಬಂದು ಒಂದು ತಾಸಿನ ಮೇಲಾಗಿತ್ತು. ಕಟ್ಟೆಯ ಮೇಲೆ ಏನೂ ಇರಲಿಲ್ಲ. ಉಪವಾಸಕ್ಕೆಂದು ಹೆಂಡತಿ ತರಿಸಿದ್ದ ಎರಡು ಪಾಕೀಟು ಖಜೂರ ಅದರಲ್ಲಿದ್ದವು.

ದೂರಿನ ನಂಬರಿಗೆ ಫೋನ್ ಮಾಡಿದೆ. ನಮ್ಮ ಹುಡುಗ ಮನೆ ಮುಂದೆ ಇಟ್ಟು ಹೋಗಿದ್ದಾನಂತೆ ಎಂದರು ಆ ಕಡೆಯವರು.

"ಇಟ್ಟಿಲ್ರೀ. ಅಂವ ಬಂದೇ ಇಲ್ಲ," ಎಂದೆ.

ನಾನು ನಿದ್ದೆಯಲ್ಲಿದ್ದೆ. ನನಗೆ ಗೊತ್ತಿದ್ದದ್ದು ಪಾರ್ಸೆಲ್ ನನಗೆ ಮುಟ್ಟಿಲ್ಲ ಎನ್ನುವುದಷ್ಟೆ. ಮುಟ್ಟಿಲ್ಲ ಎನ್ನುವ ಕಡೆ ಇಟ್ಟಿಲ್ಲ ಎಂದೆ. ಮಿಲ್ಲಿನಲ್ಲಿ ಪಾಳಿಯ ಪುಸ್ತಕ ಬರೆಯುವವನು ನಾನು. ಗೇಜಿನಲ್ಲಿ ಕಂಡ ಅಂಕಿಯನ್ನಷ್ಟೇ ಅದರಲ್ಲಿ ಬರೆಯಬೇಕು. ಇಷ್ಟಿದ್ದೀತು ಎಂದು ಬರೆಯುವಂತಿಲ್ಲ. ಹೊಸಬರಿಗೆ ನಾನೇ ಇದನ್ನು ಹೇಳಿಕೊಡುತ್ತೇನೆ.

ನಾಲ್ಕನೆಯ ದಿನ ಬೇರೊಂದು ಪಾರ್ಸೆಲ್ ಬಂತು. ತಂದವನು ಹೊಸಬ. ಮೊದಲಿನವನೆಲ್ಲಿ ಎಂದು ಕೇಳಿದೆ.

"ಅಂವನ್ನ ಮನ್ಯಾಗ ಕೂಡಿಸ್ಯಾರ್ರಿ. ಪಾರ್ಸೆಲ್ ಇಡದನ ಇಟ್ಟೇನಿ ಅಂತ ಹಾಕ್ಯಾನಂತ, ಯಾರೋ ಕಂಪ್ಲೇಂಟ್ ಮಾಡ್ಯಾರ. ಅವತ್ತ ಫೋನಿನ ಚಾರ್ಜ್ ಮುಗಿಯಾಕ ಬಂದಿತ್ತು, ಫೋಟೊ ಬ್ಯಾರೆ ತಗದಿಲ್ಲ. ಈ ವಾರದಾಗ ತಗದ ಹಾಕ್ತಾರ ಅನಸ್ತೈತ್ರಿ."

ಆ ಯಾರೋ ನಾನು ಎಂದು ಹೇಳಲಿಲ್ಲ. ಸಹಿ ಹಾಕಿ ಕಳಿಸಿದೆ.

ಭಾನುವಾರ ಮೆಣಸಿನಕಾಯಿ ಒಣಹಾಕಲು ಬಚ್ಚಲುಮನೆಯ ತಗಡಿನ ಮೇಲೆ ಹತ್ತಿದೆ. ಮುಸ್ಯಾ, ಅಂದರೆ ಕರಿಮೂತಿಯ ಮಂಗ, ಒಯ್ದದ್ದನ್ನು ನಾನು ಕಂಡಿಲ್ಲ. ಕಂಡದ್ದು ಇಷ್ಟು: ಒಂದು ಮೂಲೆ ಹರಿದ ರಟ್ಟಿನ ಡಬ್ಬ, ಅದರ ಮೇಲೆ ನಮ್ಮ ಮನೆಯ ವಿಳಾಸ, ಹರಿದಲ್ಲಿ ಹಲ್ಲಿನ ಗುರುತು, ತಗಡಿನ ತುಂಬ ಖಜೂರದ ಬೀಜ.

"ಏನೈತ್ರಿ ಅಲ್ಲೆ?" ಹೆಂಡತಿ ಕೆಳಗಿನಿಂದ ಕೇಳಿದಳು.

"ಖಜೂರದ ಬೀಜ."

"ಅಂದ್ರ ನಮಗಿಂತ ಮೊದಲ ಮುಸ್ಯಾಗೋಳು ಶಿವರಾತ್ರಿ ಮಾಡ್ಯಾವ!" ಎಂದು ನಕ್ಕಳು. ನಾನು ಡಬ್ಬವನ್ನು ಎತ್ತಿಕೊಂಡು ಏಣಿ ಇಳಿದೆ.

ಮರುದಿನ ಡಬ್ಬವನ್ನು ಹಿಡಿದು ಪಾರ್ಸೆಲ್ ಕಂಪನಿಯ ಕಚೇರಿಗೆ ಹೋದೆ. ಅಲ್ಲಿಯ ಮೇಲ್ವಿಚಾರಕ ಬರೆದುಕೊಡಿ ಎಂದ. ಬರೆದೆ: 'ಪಾರ್ಸೆಲ್ ನನಗೆ ಮುಟ್ಟಲಿಲ್ಲ. ಅವರು ಇಟ್ಟಿಲ್ಲ ಎಂದು ನಾನು ಹೇಳಿದ್ದು ತಪ್ಪು. ಆಗ ನಾನು ನಿದ್ದೆಯಲ್ಲಿದ್ದೆ, ಏನನ್ನೂ ನೋಡಿಲ್ಲ.' ಮೇಲ್ವಿಚಾರಕ ಎರಡು ಸಲ ಓದಿ, ಇಷ್ಟು ಸಾಕು ಎಂದ.

ಎರಡು ದಿನದ ಮೇಲೆ ಆ ಮೊದಲಿನ ಹುಡುಗ ಮತ್ತೆ ಕೆಲಸಕ್ಕೆ ಬಂದ. ಜೋಯಿಡಾ ಕಡೆಯವನು, ಮನೆಮಾತು ಕೊಂಕಣಿ, ನಮ್ಮೊಡನೆ ನಮ್ಮ ಮಾತನ್ನೇ ಆಡುತ್ತಾನೆ. "ನನ್ನದ ತಪ್ಪಾತೋ ತಮ್ಮಾ," ಎಂದೆ. "ಇರಲಿ ಬಿಡ್ರಿ ಅಣ್ಣಾರ," ಎಂದ. ಆದರೆ ಅಂದಿನಿಂದ ನಮ್ಮ ಮನೆಗೆ ಬೀಗವಿದ್ದರೆ ಪಾರ್ಸೆಲ್ ಬಿಡುವುದನ್ನೇ ನಿಲ್ಲಿಸಿದ. ಒಂದು ಡಬ್ಬಕ್ಕಾಗಿ ಮೂರು ಸಲ ಬಂದು ಹೋದದ್ದೂ ಉಂಟು. ಆ ಓಡಾಟ ತಪ್ಪಿಸಬೇಕೆಂದು ಪೆಟ್ಟಿಗೆ ಮಾಡಲು ಕುಳಿತೆ.

ದಪ್ಪ ಪ್ಲೈವುಡ್ ತಂದೆ. ಕುಕ್ಕರ್ ಬಂದಿದ್ದ ಖಾಲಿ ರಟ್ಟಿನ ಡಬ್ಬವನ್ನು ಅಳತೆಗೆ ಇಟ್ಟುಕೊಂಡೆ. ಮುಚ್ಚಳದ ಕೆಳಗೆ ಒಂದು ಹಲಗೆಯನ್ನು ಓರೆಯಾಗಿ ಕೂರಿಸಿದೆ. ಪಾರ್ಸೆಲ್ ಅದರ ಮೇಲಿಂದ ಜಾರಿ ತಳಕ್ಕೆ ಹೋಗುತ್ತದೆ. ಮೇಲಿಂದ ಕೈ ಹಾಕಿದರೆ ಹಲಗೆ ತಡೆಯುತ್ತದೆ. ಮೊದಲ ಸಲ ಡಬ್ಬ ನಡುವೆಯೇ ಸಿಕ್ಕಿಕೊಂಡಿತು. ಹಲಗೆಯನ್ನು ಇನ್ನಷ್ಟು ಕಡಿದಾಗಿಸಿ, ಮೇಲೆ ನುಣ್ಣನೆಯ ತಗಡು ಬಡಿದೆ. ಹೊರಗಿನಿಂದ ಬಿಚ್ಚಲಾಗದಂತೆ ನಟ್ಟುಗಳನ್ನು ಒಳಗೆ ಮಾಡಿದೆ. ಮಳೆ ನೀರು ನಿಲ್ಲದಂತೆ ಮುಚ್ಚಳಕ್ಕೆ ಇಳಿಜಾರು ಕೊಟ್ಟೆ. ಸೋಮವಾರ ಹೆಂಡತಿ ಅದಕ್ಕೆ ಮೂರು ಬೆರಳು ವಿಭೂತಿ ಎಳೆದು, ಕುಂಕುಮ ಹಚ್ಚಿ, ಹೂವಿಟ್ಟಳು.

"ಏನ್ರೀ ವೈನಿ, ಮನಿ ಮುಂದ ಹುಂಡಿ ಇಟ್ಟೀರಿ? ಯಾವ ದೇವರದು?" ಎಂದಳು ಪಕ್ಕದ ಮನೆಯಾಕೆ.

"ಪಾರ್ಸೆಲ್ ದೇವರದವ್ವಾ. ನೀ ಏನರ ಹಾಕಾಕಿ ಇದ್ರ ಹಾಕು," ಎಂದಳು ಇವಳು.

ಮರುದಿನ ಪಾರ್ಸೆಲ್ ಹುಡುಗ ಬಂದ. ಮುಚ್ಚಳ ಎತ್ತಿ ಒಳಗೆ ನೋಡಿದ. ಮತ್ತೆ ಮುಚ್ಚಿದ.

"ಬ್ಯಾಡ್ರಿ ಅಣ್ಣಾರ. ಕೈಯಾಗ ತಗೋರಿ."

"ಯಾಕೋ? ಮುಸ್ಯಾ ಇರಲಿ, ಕಾಡಿನ ಆನಿ ಬಂದ್ರೂ ತಗಿಯಾಕ ಆಗೂದಿಲ್ಲ."

"ನಿಮ್ಮ ಸಾಮಾನಿಗೆ ಗಟ್ಟಿ ಐತ್ರಿ. ನಾ ಹಾಕೇನಿ ಅನ್ನೂದಕ್ಕ ಏನೈತಿ? ಒಳಗ ಬಿತ್ತಂದ್ರ ಕತ್ತಲಿ. ಫೋಟೊ ತಗದ್ರ ಬರೇ ಮುಚ್ಚಳ ಬರತೈತಿ. ನಾಳೆ ನೀವು ಬಂದು, ಇದರಾಗ ಏನೂ ಇಲ್ಲ ಅಂದ್ರ?"

ಅನ್ನುವುದಿಲ್ಲ ಎಂದು ಹೇಳಬಹುದಿತ್ತು. ಒಮ್ಮೆ ಅಂದವನು ನಾನು. ಕೈಯಲ್ಲೇ ತೆಗೆದುಕೊಂಡೆ.

ಕೆಳಗಿನ ಬಾಗಿಲನ್ನು ಬಿಚ್ಚಿ, ನಡುವೆ ಅಂಗೈಯಗಲ ಕೊರೆದು, ಒಡೆಯದ ದಪ್ಪ ಪ್ಲಾಸ್ಟಿಕ್ ಗಾಜು ಕೂರಿಸಿದೆ.

"ಹಿಂಗಾದ್ರ ಹಾದಿ ಮ್ಯಾಲ ಹೋಗೋರಿಗೆಲ್ಲಾ ಒಳಗಿಂದು ಕಾಣ್ತೈತಲ್ಲ," ಎಂದಳು ಹೆಂಡತಿ.

"ಕಾಣಲಿ," ಎಂದೆ.

ಮುಂದಿನ ವಾರ ನಾನು ಪಾಳಿಯಲ್ಲಿದ್ದಾಗ ಅವನ ಫೋನ್ ಬಂತು.

"ಹಾಕೇನ್ರಿ ಅಣ್ಣಾರ. ಆದ್ರ ಡಬ್ಬಿ ಹೊಳ್ಳಿ ಬಿದ್ದೈತಿ. ಗಾಜಿನಾಗ ಹೆಸರು ಕಾಣವಲ್ದು."

"ಇರಲಿ ಹೋಗೋ. ನೀ ಹಾಕೀದಿ ಅಂತ ನಾ ಹೇಳ್ತೇನಿ."

"ನೀವು ನೋಡೀರೇನು?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

"ಇಲ್ಲ. ನೋಡಿಲ್ಲ," ಎಂದೆ.

ಹೆಂಡತಿ ಸಂತೆಯಿಂದ ಬರುವವರೆಗೆ ಅವನು ಕಟ್ಟೆಯ ಮೇಲೆ ಕುಳಿತಿದ್ದನಂತೆ. ಅವಳು ಕೀಲಿ ತೆಗೆದು ಡಬ್ಬವನ್ನು ತಿರುಗಿಸಿಟ್ಟಳು. ಅವನು ಫೋಟೊ ತೆಗೆದುಕೊಂಡು, ಚಹಾ ಬೇಡವೆಂದು ಹೋದ.

ಆ ಸಂಜೆ ಓರೆ ಹಲಗೆಯ ಎರಡೂ ಬದಿಗೆ ಮರದ ಪಟ್ಟಿ ಬಡಿದೆ. ಈಗ ಚಿಕ್ಕ ಡಬ್ಬವೂ ಹೊರಳುವುದಿಲ್ಲ. ಹೆಸರಿರುವ ಮುಖ ಮುಂದೆ ಮಾಡಿ ಹಾಕಿದರೆ ಮುಂದಾಗಿಯೇ ಇಳಿದು ಗಾಜಿಗೆ ಒರಗುತ್ತದೆ. ಮನೆಗೆ ಬೀಗವಿದ್ದರೂ ಅವನು ಹಾಕಿ ಹೋಗುತ್ತಾನೆ. ನಾನು ಎದುರಿಗೇ ನಿಂತಿದ್ದರೂ ಬಗ್ಗಿ ಫೋಟೊ ತೆಗೆಯುತ್ತಾನೆ. ಅವನು ತೆಗೆದು ಮುಗಿಸುವವರೆಗೆ ನಾನು ಕೀಲಿಗೆ ಕೈ ಹಾಕುವುದಿಲ್ಲ.